ಕೇಳಿ ಚಾಪೆ ಹಾಸುವ ಎರ್ಸ್ಕಿನ್ ಪಿರೀ

ಎರ್ಸ್ಕಿನ್ ಪಿರೀಯ ನಡಿಗೆಗೆ ಇರುವುದು ಒಂದೇ ವೇಗ. ಶವದ ಗಾಡಿಯ ಮುಂದೆ ಟೋಪಿಯನ್ನು ಎದೆಗಾನಿಸಿಕೊಂಡು ಹೋಗುವಾಗ ಯಾವ ಗತಿಯೋ, ಗಾಲ್ಫ್ ಮೈದಾನದಲ್ಲಿ ತನ್ನ ಚೆಂಡಿನ ಹಿಂದೆ ಹೋಗುವಾಗಲೂ ಅದೇ ಗತಿ. ಎಡಗೈ ಬೆನ್ನ ಹಿಂದೆ, ಗದ್ದ ತುಸು ಕೆಳಗೆ, ಮೊಣಕಾಲಿನವರೆಗೆ ಇಳಿಬಿದ್ದ ಕರಿಯ ಕೋಟು ಸಮುದ್ರದ ಗಾಳಿಗೂ ಅನುಮತಿ ಕೇಳಿಯೇ ಹಾರುವಂತಿರುತ್ತದೆ. ನಮ್ಮ ಕಡಲತಡಿಯ ಊರು ಕಿಲ್‌ಬ್ರಾಕಿಯಲ್ಲಿ ತೀರಿಕೊಂಡವರನ್ನೆಲ್ಲ ಮಣ್ಣಿಗೆ ತಲುಪಿಸುವುದು ತಂದೆಯ ಕಾಲದಿಂದ ಬಂದ ವೃತ್ತಿಯಾಗಿರುವವನಿಗೆ ಅವಸರವೆಂಬುದು ಅಸಭ್ಯತೆಯಂತೆ ಕಂಡರೆ ಸೋಜಿಗವಿಲ್ಲ. ಆದರೆ ಅದೇ ಮಂದಗತಿಯಲ್ಲಿ ಆತ ಮತ್ತೆ ಮತ್ತೆ ಚಳಿಗಾಲದ ಗಾಲ್ಫ್ ಪಂದ್ಯಗಳ ಕಪ್ಪನ್ನು ಗೆದ್ದು, ಕ್ಲಬ್ಬಿನ ಬಾರಿನ ಮರದ ಹಲಗೆಯ ಮೇಲೆ ಅವನ ಹೆಸರು ಚಿನ್ನದ ಅಕ್ಷರಗಳಲ್ಲಿ ಒಂದರ ಕೆಳಗೊಂದು ಸಾಲುಗಟ್ಟಿ ನಿಂತದ್ದನ್ನು ಮಾತ್ರ ಗ್ಯಾವಿನ್ ಮೀಕಲ್‌ನಿಂದ ಸಹಿಸಲಾಗಲಿಲ್ಲ.

ಮೀಕಲ್‌ನದು ಬಂದರಿನ ಬೀದಿಯಲ್ಲಿ ಮೊಳೆ, ಹಗ್ಗ, ಬಣ್ಣ, ಬೀಗಗಳ ಅಂಗಡಿ. ಬೇಸಿಗೆಯಲ್ಲಿ ಅವನು ಪಿರೀಯನ್ನು ಕಣ್ಣುಮುಚ್ಚಿ ಸೋಲಿಸುತ್ತಾನೆ. ಹಲಗೆಯ ಬೇಸಿಗೆಯ ಭಾಗದಲ್ಲಿ ಅವನ ಹೆಸರೂ ಇದೆ. ಆದರೆ ತನ್ನ ಅಂಗಡಿಯಲ್ಲಿ ಇಲ್ಲದ ಸರಕು ಎದುರಿನ ಅಂಗಡಿಯಲ್ಲಿ ಇದ್ದರೆ ವ್ಯಾಪಾರಿಗೆ ರಾತ್ರಿ ನಿದ್ದೆ ಬರುವುದಿಲ್ಲವಷ್ಟೆ.

ಚಳಿಗಾಲಕ್ಕೆ ನಮ್ಮಲ್ಲಿ ಹುಲ್ಲು ಮಲಗಿಬಿಡುತ್ತದೆ. ಆಗ ಕೋಲಿನ ಏಟಿಗೆ ಎದ್ದ ಗಾಯ ವಸಂತ ಬರುವವರೆಗೂ ಬಾಯಿ ತೆರೆದೇ ಇರುತ್ತದೆ. ಆದ್ದರಿಂದ ಕ್ಲಬ್ಬಿನ ನಿಯಮವೇನೆಂದರೆ, ಚೆಂಡು ಕತ್ತರಿಸಿದ ಹುಲ್ಲಿನ ನಡುಹಾದಿಯಲ್ಲಿ ನಿಂತರೆ ಅದನ್ನೆತ್ತಿ, ಅಂಗೈಗಿಂತ ತುಸು ದೊಡ್ಡದಾದ ಚಾಪೆಯೊಂದನ್ನು ಅಲ್ಲಿ ಹಾಸಿ, ಅದರ ಮೇಲಿಟ್ಟು ಹೊಡೆಯಬೇಕು. ಪಕ್ಕದ ಒರಟು ಹುಲ್ಲಿಗೆ ಹೋಯಿತೋ, ಕೆಸರೋ ಕಲ್ಲೋ, ಬಿದ್ದಲ್ಲಿಂದಲೇ ಹೊಡೆಯಬೇಕು. ಕಾಗದದ ಮೇಲೆ ಇದಕ್ಕಿಂತ ಸರಳವಾದುದಿಲ್ಲ. ಆದರೆ ಶರತ್ಕಾಲದ ಕೊನೆಗೆ ಹುಲ್ಲು ಕತ್ತರಿಸುವ ಯಂತ್ರ ಕೊಟ್ಟಿಗೆ ಸೇರುತ್ತದೆ. ಆಮೇಲೆ ಮಳೆ, ಹಿಮ, ಮೊಲಗಳ ಹಲ್ಲು ಎಲ್ಲವೂ ಸೇರಿ ನಡುಹಾದಿಗೂ ಒರಟಿಗೂ ನಡುವಿನ ಗಡಿಯನ್ನು ಅಳಿಸಿಹಾಕುತ್ತವೆ. ಮನುಷ್ಯನ ಮನಸ್ಸಾಕ್ಷಿ ಆಟವಾಡಲು ಒಂದು ಮೊಳ ಅಗಲದ ಅಂಥ ಸಂಶಯಭೂಮಿ ಸಾಕು. ಕೆಲವರು ಕೆಮ್ಮುತ್ತ ಚಾಪೆ ಬೀಳಿಸುತ್ತಾರೆ. ಮೀಕಲ್ ದೂರದ ದೀಪಸ್ತಂಭವನ್ನು ದಿಟ್ಟಿಸುತ್ತ ಬೀಳಿಸುತ್ತಿದ್ದ.

ಪಿರೀ ಕೇಳುತ್ತಿದ್ದ. ಅದೇ ಅವನ ರೋಗ. ಮೃತರ ಮನೆಯವರನ್ನು ಹೂಗಳ ಬಗ್ಗೆ ಕೇಳುವ ಅದೇ ತಗ್ಗಿದ ದನಿಯಲ್ಲಿ, “ನಿನ್ನ ಕಣ್ಣಿಗೆ ಏನ್ ಕಾಣುತ್ತೆ?” ಎಂದು ಎದುರಾಳಿಯನ್ನು ಕೇಳಿ, ಒರಟು ಎಂದರೆ ಚಾಪೆಯನ್ನು ಮಡಚಿ ಜೇಬಿಗಿಟ್ಟು ಕೆಸರಿನಿಂದಲೇ ಹೊಡೆಯುತ್ತಿದ್ದ. ಬೇರೆಯವರು ಅವನನ್ನು ಕೇಳಿದರೆ (ಹಾಗೆ ಕೇಳುವ ರೂಢಿ ತಂದದ್ದೂ ಅವನೇ) ಬಗ್ಗಿ ನೋಡುವ ಮೊದಲೇ ಉತ್ತರ ಬರುತ್ತಿತ್ತು: “ಹಾಕಪ್ಪ. ಹುಲ್ಲು ಬದುಕ್ಲಿ.”

ಅವನ ಚಾಪೆಯ ಕಥೆಯೂ ಮೀಕಲ್‌ನ ಹೊಟ್ಟೆಯುರಿಗೆ ಎಣ್ಣೆಯೇ. ಗುಂಡಿ ತೋಡಿದ ಹಸಿಮಣ್ಣು ನೆಂಟರ ಕಣ್ಣಿಗೆ ಬೀಳದಂತೆ ಸುತ್ತ ಹಾಸುವ ಹಸಿರು ಹುಲ್ಲಿನಂಥ ಬಟ್ಟೆ ಇದೆಯಲ್ಲ, ಅದು ಹಳೆಯದಾದಾಗ ಅಂಚಿನಿಂದ ಕತ್ತರಿಸಿಕೊಂಡ ತುಂಡು ಅದು. ಮೊದಲ ವರ್ಷ ಎಲ್ಲರೂ ಮೈ ಜುಮ್ಮೆಂದು ದೂರ ನಿಂತರು. ಆಮೇಲೆ ನೋಡಿದರೆ, ಮೀಕಲ್ ತನ್ನ ಅಂಗಡಿಯಲ್ಲಿ ಮಾರುತ್ತಿದ್ದ ಚಾಪೆಗಳು ಏಟಿನೊಂದಿಗೆ ಬೆದರಿದ ಕಾಗೆಯಂತೆ ಹಾರಿಹೋಗುತ್ತಿದ್ದರೆ, ಪಿರೀಯ ತುಂಡು ಚೆಂಡನ್ನು ಕಳಿಸಿಕೊಟ್ಟು ತಾನು ಇದ್ದಲ್ಲೇ ಇರುತ್ತಿತ್ತು. ಒಬ್ಬೊಬ್ಬರೇ ಹೋಗಿ ಮೆಲ್ಲಗೆ ಒಂದು ತುಂಡು ಕೇಳಿದರು. ಆತ ಪುಕ್ಕಟೆ ಕೊಟ್ಟ. ಮೀಕಲ್‌ನ ಮಾಲು ಮೊಳೆಗೆ ತೂಗಿಕೊಂಡೇ ಧೂಳು ತಿಂದಿತು. ಅವನ ಹೆಂಡತಿ ಮೊರಾಗ್ ಟೀ ಬಸಿಯುತ್ತ ಹೇಳಿದಳಂತೆ: “ಅವ್ನ ಗಿರಾಕಿಗಳು ಇವತ್ತಿನವರೆಗೂ ಒಬ್ರೂ ವಾಪಸ್ ಬಂದು ದೂರು ಹೇಳಿಲ್ಲ. ಅಂಥವನ ಜೊತೆ ನೀನು ಪೈಪೋಟಿ ಮಾಡ್ತೀಯಾ?”

ಮೀಕಲ್ ಸುಮ್ಮನಿರಲಿಲ್ಲ. ಪಿರೀಯ ಚಾಪೆ ದಪ್ಪ, ಚೆಂಡು ಅನ್ಯಾಯವಾಗಿ ಎತ್ತರದಲ್ಲಿ ಕೂರುತ್ತದೆ ಎಂದು ಕ್ಲಬ್ಬಿನ ನಾಯಕ ಓಗಿಲ್ವಿಗೆ ದೂರಿತ್ತ. ಓಗಿಲ್ವಿ ಎರಡೂ ಚಾಪೆಗಳನ್ನು ಬಾರಿನ ಕಟ್ಟೆಯ ಮೇಲೆ ಅಂಚಿಗೆ ಅಂಚು ತಾಗಿಸಿ ಇಟ್ಟ. ಮೇಲೆದ್ದು ನಿಂತದ್ದು ಅಂಗಡಿಯ ಚಾಪೆ. ಲೋಟ ಒರೆಸುತ್ತಿದ್ದ ಬಾರಿನ ಸೆಂಗಾ, “ಮೀಕಲ್, ನಿನ್ನ ಚಾಪೆ ಮೇಲೆ ನಾನೇ ಒಂದು ನಿದ್ದೆ ತೆಗೀಬೋದು ಕಣೋ,” ಎಂದಳು. ಪಿರೀ ನಗಲಿಲ್ಲ. ಒಳ್ಳೆಯ ಬೆಚ್ಚಗಿನ ಮಾಲು ಎಂದು ಮೆಚ್ಚಿ, ಮರುದಿನ ಅಂಗಡಿಗೆ ಬಂದು, ಚೌಕಾಸಿಯಿಲ್ಲದೆ ಒಂದನ್ನು ಕೊಂಡು, ತನ್ನ ಮುದಿನಾಯಿಯ ತಲೆಯಡಿಗೆ ಹಾಸಿದ. ವಾರದ ನಂತರ ಮತ್ತೆ ಬಂದು, ನಾಯಿಗೆ ಬಹಳ ಹಿತವಾಗಿದೆಯೆಂದು ಮನಃಪೂರ್ವಕವಾಗಿ ವಂದನೆ ಹೇಳಿ ಹೋದ. ಅದರಲ್ಲಿ ಕುಹಕದ ಒಂದು ಎಳೆಯಾದರೂ ಸಿಕ್ಕೀತೆಂದು ಮೀಕಲ್ ಎಷ್ಟೋ ಹೊತ್ತು ಹುಡುಕಿದ. ಸಿಗಲಿಲ್ಲ.

ಆ ಫೆಬ್ರವರಿಯಲ್ಲಿ ಚಳಿಗಾಲದ ಕಪ್ಪಿನ ಕೊನೆಯ ಪಂದ್ಯ ಇವರಿಬ್ಬರ ನಡುವೆಯೇ ಬಂತು. ಹಿಮದ ತುಂತುರು ಓರೆಯಾಗಿ ಬೀಳುತ್ತಿತ್ತು. ಕೊನೆಯ ಕುಳಿಯ ಹೊತ್ತಿಗೆ ಇಬ್ಬರೂ ಸಮ. ಕಾಲರು ಎತ್ತಿಕೊಂಡ ಒಂದಿಷ್ಟು ಜನ ಹಿಂದೆ ಹಿಂದೆ. ಮೀಕಲ್‌ನ ಚೆಂಡು ಆಗಲೇ ಕುಳಿಯ ಸುತ್ತಣ ನುಣುಪು ಹುಲ್ಲನ್ನು ಸೇರಿತ್ತು. ಪಿರೀಯ ಚೆಂಡು ಹಿಂದುಳಿದು, ಸರಿಯಾಗಿ ಆ ಸಂಶಯಭೂಮಿಯಲ್ಲಿ, ಅರ್ಧ ಕೆಸರಿನಲ್ಲಿ ಹೂತು ಕುಳಿತಿತ್ತು.

“ನಿನ್ನ ಕಣ್ಣಿಗೆ ಏನ್ ಕಾಣುತ್ತೆ, ಗ್ಯಾವಿನ್?”

ಮೀಕಲ್ ಬಗ್ಗಿದ. ನಿಜಕ್ಕೂ ಅವನಿಗೆ ತಿಳಿಯಲಿಲ್ಲ. ದೇವರೇ ಇಳಿದು ಬಂದರೂ ತಿಳಿಯುತ್ತಿರಲಿಲ್ಲ. ಒರಟು ಎಂದುಬಿಟ್ಟರೆ ಸಾಕು; ಈ ಮನುಷ್ಯ ಮರುಮಾತಿಲ್ಲದೆ ಚಾಪೆಯನ್ನು ಮಡಚುತ್ತಾನೆ, ಚೆಂಡು ಕೆಸರಿನಿಂದೆದ್ದು ಮುಂದಿನ ತೊರೆಗೆ ಬೀಳುತ್ತದೆ, ಹಲಗೆಯ ಮೇಲೆ ಚಿನ್ನ ಹೊಳೆಯುತ್ತದೆ. ಹೇಳಲೆಂದು ತಲೆಯೆತ್ತಿದ. ಜನ ಚೆಂಡನ್ನು ನೋಡುತ್ತಿರಲಿಲ್ಲ. ಅವನ ಮುಖ ನೋಡುತ್ತಿದ್ದರು. ಆಗ ಅವನಿಗೆ ಹೊಳೆಯಿತು, ತಾನು ಇಷ್ಟು ವರ್ಷ ಕರುಬಿದ್ದು ಆ ಚಿನ್ನದ ಅಕ್ಷರಗಳಿಗಲ್ಲ, ಪಿರೀ ಎನ್ನುವಾಗ ಇವರೆಲ್ಲರ ದನಿ ಒಂದಿಷ್ಟು ಮೆತ್ತಗಾಗುತ್ತಿತ್ತಲ್ಲ, ಅದಕ್ಕೆ. ಕಪ್ಪು ಹೋದರೆ ಹೋಗಲಿ, ಇವತ್ತು ಮಾತ್ರ ಆ ದನಿ ತನಗೆ ಬೇಕು.

“ಹಾಕು ಚಾಪೆ,” ಎಂದ, ಎಲ್ಲರಿಗೂ ಕೇಳುವಂತೆ. “ನಡುಹಾದಿನೇ ಇದು. ಯಾರಿಗೆ ಬೇಕಾದ್ರೂ ಕಾಣುತ್ತೆ.”

“ನೀನು ನೋಡಿದ್ಮೇಲೆ ಮುಗೀತು,” ಎಂದು ಪಿರೀ ಚೆಂಡನ್ನೆತ್ತಿ ಒರೆಸಿ, ಚಾಪೆ ಹಾಸಿ, ಅದರ ಸುಕ್ಕನ್ನು ಎರಡು ಬೆರಳಿಂದ ಸವರಿ, ಹೊಡೆದ. ಚೆಂಡು ತೊರೆ ದಾಟಿ ಕುಳಿಯ ಪಕ್ಕ ಹೋಗಿ ನಿಂತಿತು. ಮೀಕಲ್‌ನ ಚೆಂಡು ಕುಳಿಯ ಅಂಚು ಸವರಿ ಆಚೆ ಹೋಯಿತು, ಪಂದ್ಯವೂ ಹೋಯಿತು.

ಬಾರಿನಲ್ಲಿ ಕುರಿಮಾಂಸದ ಕಡುಬು, ಬಾರ್ಲಿಯ ಸಾರು, ವಿಸ್ಕಿ. ಮೀಕಲ್ ಸೋತವನಂತೆ ಕೂರಲಿಲ್ಲ. ಬರಬೇಕಾದ ಸರಕಿಗೆ ಬಾಗಿಲು ತೆರೆದಿಟ್ಟವನಂತೆ ನೆಟ್ಟಗೆ ಕೂತಿದ್ದ. ಓಗಿಲ್ವಿ ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

“ನೋಡಿದ್ಯೇನಯ್ಯಾ ಮೀಕಲ್? ಕೊನೇ ಕುಳಿ, ಎಲ್ಲಾ ಅದ್ರ ಮೇಲೇ ನಿಂತಿದೆ, ಆಗ್ಲೂ ಕೇಳ್ದ. ಬೇರೆ ಯಾರು ಕೇಳ್ತಿದ್ರು ಹೇಳು.”

“ಹೂಂ ಅಂದಿದ್ದು ನಾನು,” ಎಂದ ಮೀಕಲ್.

“ಅನ್ನದೆ ಏನ್ಮಾಡ್ತಿದ್ದೆ?” ಎಂದಳು ಸೆಂಗಾ, ಸಾರಿನ ಬಟ್ಟಲು ಮುಂದಿಡುತ್ತ. “ಯಾರಿಗೆ ಬೇಕಾದ್ರೂ ಕಾಣ್ತಿತ್ತಂತಲ್ಲ, ನೀನೇ ಹೇಳ್ದೆ.”

ಲೋಕದಲ್ಲಿ ಕಳ್ಳಾಟದವನೊಂದಿಗೆ ಆಡುವುದು ನಿಜವಾಗಿ ಕಷ್ಟವಲ್ಲ. ಅವನ ಕೈಯ ಮೇಲೆ ಕಣ್ಣಿಟ್ಟರಾಯಿತು, ಸೋತರೂ ತಾನು ಅವನಿಗಿಂತ ಮೇಲೆಂಬ ಲಾಭವೊಂದು ಮನೆಗೆ ಬರುತ್ತದೆ. ಪಿರೀಯ ಜಾತಿಯವರು ಆ ಲಾಭವನ್ನೂ ಉಳಿಸುವುದಿಲ್ಲ. ತೀರ್ಪನ್ನು ನಮ್ಮ ಕೈಗಿಟ್ಟು, ನಮ್ಮ ಯೋಗ್ಯತೆಗೆ ಮೀರಿದ ಒಂದು ಒಳ್ಳೆಯ ಕೆಲಸವನ್ನು ನಮ್ಮಿಂದಲೇ ಮಾಡಿಸಿ, ಅದರ ಹೆಸರನ್ನು ತಮಗರಿವಿಲ್ಲದೆಯೇ ಬಗಲಲ್ಲಿಟ್ಟುಕೊಂಡು, ಅದೇ ನಿಧಾನಗತಿಯಲ್ಲಿ ಮನೆಗೆ ನಡೆಯುತ್ತಾರೆ. ಊರು ಅಂಥವರನ್ನು ಪ್ರೀತಿಸುತ್ತದೆ. ಎದುರಾಡಿದವರಿಗೆ ಮಾತ್ರ ಅವರನ್ನು ಕ್ಷಮಿಸುವುದು ಎಂದಿಗೂ ಆಗುವುದಿಲ್ಲ. ಕ್ಷಮಿಸಬೇಕೆಂದರೆ ಅವರು ಒಂದು ತಪ್ಪನ್ನಾದರೂ ಮಾಡಿಕೊಡಬೇಕಲ್ಲ.