ಅಬ್ಬಾ ಮುಳುಗಿಸಿಟ್ಟ ದೋಣಿ

ಸುಮ್ಮನೆ ಕೂತವರನ್ನು ಕಂಡರೆ ನನಗಾಗುವುದಿಲ್ಲ. ಸುಮ್ಮನೆ ಅಡ್ಡಾಡುವವರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತದೆ. ನಮ್ಮ ಅಬ್ಬಾ ದಿಲಾವರ ಆ ವರ್ಷಗಳಲ್ಲಿ ಮಾಡಿದ್ದು ಈ ಎರಡನೆಯದನ್ನೇ. ದಾಂಡೇಲಿಯ ಕಡವಿನಲ್ಲಿ ಜನರನ್ನು ಕಾಳಿ ಹೊಳೆ ದಾಟಿಸುತ್ತಲೇ ಮುದುಕನಾದವನು ಅವನು. ಮೇಲ್ಗಡೆ ಸೇತುವೆ ಆಯಿತು, ಜನ ದೋಣಿಯನ್ನು ಮರೆತರು, ಅವನ ಕಟ್ಟಿಗೆ ದೋಣಿ ಒಲೆಗೆ ಹೋಯಿತು. ಅಂದಿನಿಂದ ಅಬ್ಬಾ ಮನೆಯಿಂದ ಹೊಳೆಗೆ, ಹೊಳೆಯಿಂದ ಮನೆಗೆ, ಮತ್ತೆ ಹೊಳೆಗೆ. ನನ್ನನ್ನು ಕೊಟ್ಟದ್ದು ಅದೇ ಊರಿನಲ್ಲಿ, ಎರಡು ಓಣಿ ಆಚೆ. ಒಲೆಯ ಮುಂದೆ ಕೂತರೆ ಕಿಟಕಿಯಲ್ಲಿ ಅವನ ಬಿಳಿ ಟೊಪ್ಪಿಗೆ ಹೋಗುವುದು, ಬರುವುದು ಕಾಣುತ್ತಿತ್ತು. ಎಷ್ಟು ರೊಟ್ಟಿ ಸೀದು ಹೋದವೋ ಲೆಕ್ಕವಿಲ್ಲ.

ಅವನ ಹತ್ತಿರ ಉಳಿದದ್ದು ಒಂದು ಫೈಬರ್ ದೋಣಿ. ಗೋವಾದಿಂದ ಪೋರ್ತುಗೀಜರು ಹೋದ ಮರುವರ್ಷ ಬೆಳಗಾವಿಯ ಒಬ್ಬ ಶ್ರೀಮಂತ ಅದನ್ನು ಅಲ್ಲಿಂದ ಲಾರಿಯ ಮೇಲೆ ಹೇರಿಕೊಂಡು ಬಂದಿದ್ದ. ಹಿಂದೆ ಮೋಟಾರು ಸಿಕ್ಕಿಸಿದರೆ ನೀರು ಸೀಳಿಕೊಂಡು ಓಡುವ ಸ್ಪೀಡ್ ಬೋಟು. ಒಂದು ಚಳಿಗಾಲ ಹೊಳೆಯಲ್ಲಿ ಮೆರೆದ, ಮೋಜು ತೀರಿತು, "ಇಟ್ಕೋ ದಿಲಾವರ" ಎಂದು ಹೋದವನು ತಿರುಗಿ ನೋಡಲಿಲ್ಲ. ಬೇಸಿಗೆ ಬಿಟ್ಟರೆ ಉಳಿದ ದಿನ ದಂಡೆಯ ಹಲಸಿನ ಮರದ ಕೆಳಗೆ ಅದು ಬೋರಲು ಬಿದ್ದಿರುತ್ತಿತ್ತು. ಕೆಂಪು ಬಣ್ಣ ಬಿಸಿಲಿಗೆ ಬೆಳ್ಳಗಾಗಿ, ಕೈಯಾಡಿಸಿದರೆ ಸುಣ್ಣದ ಹಾಗೆ ಪುಡಿ ಹತ್ತುತ್ತಿತ್ತು. ಮೋಟಾರು ಗೋಣಿಚೀಲ ಸುತ್ತಿಕೊಂಡು ನನ್ನ ತಮ್ಮ ವಜೀರನ ಗ್ಯಾರೇಜಿನ ಮೂಲೆಯಲ್ಲಿತ್ತು.

ಅರವತ್ತೇಳರ ಮಳೆಗಾಲದಲ್ಲಿ ಅರಣ್ಯ ಬಂಗಲೆಯ ಸಾಹೇಬರು ಹೇಳಿ ಕಳಿಸಿದರು. ಮಳೆ ಹಿಂದಾದ ಮೇಲೆ ಬಂಗಲೆಗೆ ಬರುವವರನ್ನು ಹೊಳೆಯಲ್ಲಿ ಸುತ್ತಾಡಿಸಬೇಕಂತೆ. ಆ ದೋಣಿ ದುರಸ್ತಿಯಾದರೆ ನಡೆಸುವವನು ದಿಲಾವರನೇ, ಕಾಯಂ ಕೆಲಸ. ಸುದ್ದಿ ಕೇಳಿ ನಾನು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದೆ. ಇನ್ನಾದರೂ ಈ ಮನುಷ್ಯ ಒಂದು ಕಡೆ ನಿಲ್ಲುತ್ತಾನೆ, ಹೊಳೆಯ ಮೇಲೆ ಮತ್ತೆ ಗಂಡಸಿನ ಹಾಗೆ ಕೂರುತ್ತಾನೆ ಎಂದು ನನಗೆ ಹಿಗ್ಗೋ ಹಿಗ್ಗು.

ಮನೆಯಲ್ಲಿ ನಮ್ಮದು ಉರ್ದು. ಆದರೆ ಹೊಳೆಯ ಮಾತು ಬಂದರೆ ಅಬ್ಬಾ ಕಡವಿನ ಕನ್ನಡಕ್ಕೇ ಇಳಿಯುತ್ತಿದ್ದ.

"ಆ ದೋಣಿ ಬ್ಯಾಡ ಮೆಹರೂ," ಅಂದ.

"ಯಾಕ ಬ್ಯಾಡ?"

"ನಮ್ಮ ಹೊಳಿಗೆ ಮೋಟಾರು ಒಗ್ಗೂದಿಲ್ಲ. ಮೀನ ಅಂಜತಾವು."

"ನೀ ಯಾವಾಗಿಂದ ಮೀನಿನ ಚಿಂತಿ ಹಚಗೊಂಡಿ?"

ಅವನು ಟೊಪ್ಪಿಗೆ ಸರಿಮಾಡಿಕೊಂಡು ಹೊಳೆಗೆ ಹೊರಟೇಬಿಟ್ಟ. ಮರುದಿನ ಕೇಳಿದರೆ ಕಲ್ಲುಬಂಡೆಗಳ ನೆಪ. ಅದರ ಮರುದಿನ ಕಣ್ಣು ಮಂಜಾದ ನೆಪ. ಕಡೆಗೆ ಕರಿಬಸಪ್ಪನ ಹೆಸರು ತೆಗೆದ. ಕರಿಬಸಪ್ಪ ಇಂದೂರು ಎಂಬ ಹಳ್ಳಿಯ ರೈತ, ಬಿದಿರು ಸಾಗಿಸಲು ಗಾಡಿ ಕಟ್ಟಿಕೊಂಡು ಬರುತ್ತಿದ್ದ. ಬಂದಾಗೆಲ್ಲ ಆ ದೋಣಿಯನ್ನು ತಟ್ಟಿ ನೋಡಿ, ಎಮ್ಮೆಗಳಿಗೆ ನೀರಿನ ಬಾನಿ ಮಾಡಲು ಕೊಡು ಎಂದು ಕೇಳುತ್ತಿದ್ದ.

"ಅವಗ ಕೊಟ್ಟುಬಿಡೂಣು. ಮೂಕ ಜನವಾರ ನೀರು ಕುಡದ್ರ ನಮಗೂ ಸವಾಬು, ಪುಣ್ಯ."

ನನಗೆ ತಲೆ ಕೆಟ್ಟುಹೋಯಿತು. ಕೆಲಸವಿಲ್ಲ ಎಂದು ಊರೆಲ್ಲ ಸವೆಸುವವನು, ಕೆಲಸ ಬಾಗಿಲಿಗೆ ಬಂದರೆ ಎಮ್ಮೆಯ ಮಾತಾಡುತ್ತಾನೆ! ನೆಟ್ಟಗೆ ಗ್ಯಾರೇಜಿಗೆ ಹೋಗಿ ವಜೀರನನ್ನು ಜೀಪಿನ ಅಡಿಯಿಂದ ಹೊರಗೆಳೆದೆ.

"ಅಬ್ಬಾ ಬ್ಯಾಡ ಅಂದಮ್ಯಾಲ ಹೆಂಗ, ಆಪಾ?" ಎಂದು ಅವನು ಗೋಣು ಕೆರೆದ.

"ಅಬ್ಬಾಂದು ನನಗ ಬಿಡು. ನೀ ಸಾಮಾನು ತಗೊಂಡು ನಡಿ."

ಮಳೆ ಹೊಳವಾದ ಒಂದು ಮಧ್ಯಾಹ್ನ ಇಬ್ಬರೂ ಸೇರಿ ದೋಣಿಯನ್ನು ಮಗುಚಿ ಹಾಕಿದೆವು. ಅಬ್ಬಾ ದೂರದಲ್ಲಿ ದಂಡೆಗುಂಟ ಅತ್ತಿಂದಿತ್ತ ನಡೆಯುತ್ತಿದ್ದ. ಹತ್ತಿರ ಬರಲಿಲ್ಲ, ಮನೆಗೂ ಹೋಗಲಿಲ್ಲ. ದೋಣಿಯ ಮೈಮೇಲೆ ಅಂಥ ಗಾಯವೇನೂ ಇರಲಿಲ್ಲ. ವಜೀರ ಬೆರಳಿನಿಂದ ತಟ್ಟುತ್ತ ಹಿಂಭಾಗಕ್ಕೆ, ಮೋಟಾರು ಸಿಕ್ಕಿಸುವ ಜಾಗಕ್ಕೆ ಬಂದ. ಅಲ್ಲಿ ಸದ್ದು ಮೆತ್ತಗಾಯಿತು. ಅವನ ಮುಖವೂ ಬದಲಾಯಿತು. ಬೈರಿಗೆ ಇಟ್ಟು ಒಂದು ತೂತು ಹೊಡೆದ.

ತೂತಿನಿಂದ ಕಂದು ನೀರು ಸುರಿಯತೊಡಗಿತು. ನಿಲ್ಲಲೇ ಇಲ್ಲ. ಬೆರಳು ಹಾಕಿ ಎಳೆದರೆ ನೆನೆಸಿದ ತೌಡಿನ ಹಾಗೆ ಕಟ್ಟಿಗೆ ಬಂತು.

"ಹೊರಗಷ್ಟೇ ಫೈಬರ್, ಆಪಾ. ಒಳಗ ಹಲಗಿ ಐತಿ, ಮೋಟಾರಿನ ಭಾರ ಎಲ್ಲಾ ಅದರ ಮ್ಯಾಲ. ಹಿಂಗ ಓಡಿಸಿದ್ರ ನಡು ಹೊಳ್ಯಾಗ ಹಿಂದಿಂದು ಕಿತ್ತು ಹೋಗತಿತ್ತು."

"ಇಷ್ಟು ನೀರು ಎಲ್ಲಿಂದ ಬಂತು?"

ವಜೀರ ದಂಡೆಯ ಮೇಲಿದ್ದ ಅಬ್ಬಾನ ಕಡೆ ನೋಡಿದ. ಕಡವಿನವರ ರೂಢಿ ನಮಗಿಬ್ಬರಿಗೂ ಹುಟ್ಟಿನಿಂದ ಗೊತ್ತು. ಬೇಸಿಗೆಯ ಬಿಸಿಲಿಗೆ ಕಟ್ಟಿಗೆ ದೋಣಿಯ ಹಲಗೆ ಒಣಗಿ ಸಂದು ಬಿಡುತ್ತದೆ. ಅದಕ್ಕೇ ಆಳವಿಲ್ಲದ ಕಡೆ ಕಲ್ಲು ಹೇರಿ ದೋಣಿಯನ್ನು ನೀರಿನಲ್ಲಿ ಮುಳುಗಿಸಿಡುತ್ತಾರೆ. ಹಲಗೆ ನೀರು ಕುಡಿದು ಉಬ್ಬುತ್ತದೆ, ಸಂದು ಮುಚ್ಚುತ್ತದೆ, ಮಳೆಗಾಲಕ್ಕೆ ದೋಣಿ ಗಟ್ಟಿ. ಅಬ್ಬಾ ಈ ದೋಣಿಯನ್ನೂ ಪ್ರತಿ ಬೇಸಿಗೆ ಹಾಗೆಯೇ ಮುಳುಗಿಸಿಟ್ಟಿದ್ದ. ಸೊಂಟದ ನೀರಿನಲ್ಲಿ ನಿಂತು, ಮಗುವಿಗೆ ಹೊದಿಸುವಷ್ಟು ಜೋಪಾನವಾಗಿ ಒಂದೊಂದೇ ಕಲ್ಲು ಇಡುತ್ತಿದ್ದ. ಕಟ್ಟಿಗೆಗೆ ಜೀವ ಕೊಡುವ ನೀರು ಇದರ ಒಳಗೆ ಹೊಕ್ಕು ಹೊರಗೆ ಬರಲಾರದೆ ಹಲಗೆಯನ್ನು ಕೊಳೆಸಿತ್ತು.

ಒಂದು ಹಿಡಿ ಕೊಳೆತ ಕಟ್ಟಿಗೆ ತೆಗೆದುಕೊಂಡು ನಾನು ಅಬ್ಬಾನ ಕಡೆ ನಡೆದೆ. ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ. ಅವನು ನನ್ನ ಕೈ ನೋಡಿದ, ಅಚ್ಚರಿಪಡಲಿಲ್ಲ.

"ನಿನಗ ಗೊತ್ತಿತ್ತು," ಅಂದೆ.

"ಹ್ವಾದ ಬ್ಯಾಸಿಗ್ಯಾಗ ಗೊತ್ತಾತು. ಎತ್ತುವಾಗ ಮೊಳಿ ಕೈಯಾಗ ಬಂತು."

"ಮತ್ತ ಹೇಳಾಕ ಏನಾಗಿತ್ತು? ಮೀನು ಅಂದಿ, ಕಣ್ಣು ಅಂದಿ, ಎಮ್ಮಿ ಅಂದಿ!"

ಅವನು ಮೊದಲ ಸಲ ನಡೆಯುವುದನ್ನು ಬಿಟ್ಟು ಅಲ್ಲೇ ಮಣ್ಣಿನ ಮೇಲೆ ಕುಕ್ಕರಿಸಿದ. "ಹುಚ್ಚು ಹೊಳ್ಯಾಗ ಬಸುರಿ ಹೆಂಗಸರನ್ನ ದಾಟಿಸೇನಿ, ಕೂಸುಗಳನ್ನ ದಾಟಿಸೇನಿ. ಒಬ್ಬರನ್ನೂ ಕಳೀಲಿಲ್ಲ. ನೀರಂದ್ರ ನನಗ ಗೊತ್ತು ಅಂತಿದ್ದೆ. ಆ ಗೊತ್ತಿನಿಂದನ ಇದನ್ನ ಕೊಳಸಿಬಿಟ್ಟೆ. ಯಾರರ ಕುಂತಿದ್ರ? ಇನ್ನೊಬ್ಬರ ಮಕ್ಕಳನ್ನ ಯಾವ ಧೈರ್ಯಲೆ ಕುಂದರಸ್ಲಿ, ಹೇಳು."

ಹೋದ ಬೇಸಿಗೆಯಿಂದ ಈ ಮನುಷ್ಯ ಸೋಮಾರಿತನದಿಂದಲ್ಲ, ಅಂಜಿಕೆಯಿಂದ ಅಡ್ಡಾಡುತ್ತಿದ್ದ. ಅವನ ಪಕ್ಕದಲ್ಲಿ ಕೂತು ಅತ್ತುಬಿಡಬೇಕು ಎನಿಸಿತು. ಆದರೆ ನನ್ನ ಬಾಯಿ ಎಂದೂ ನನ್ನ ಮಾತು ಕೇಳಿದ್ದಿಲ್ಲ.

"ಹಲಗಿ ಕೆಟ್ಟೈತಿ. ನಿನ್ನ ಕೈ ಕೆಟ್ಟಿಲ್ಲ," ಎಂದು ಗದರಿದೆ. "ವಜೀರ ಕೊಯ್ದು ತಗೀತಾನ, ಸಾಗವಾನಿ ಹಾಕ್ತಾನ. ನೀ ಬೇಕಾದ್ರ ನೋಡು, ಬ್ಯಾಡಾದ್ರ ಅತ್ಲಾಗ ಮಾರಿ ಮಾಡು. ಬಾನಿ ಅಂತೂ ಆಗೂದಿಲ್ಲ ಇದು."

ಕೆಲಸ ಅಂದುಕೊಂಡಷ್ಟು ಸಲೀಸಾಗಲಿಲ್ಲ. ಹಚ್ಚುವ ಅಂಟು, ಗಾಜಿನ ನಾರಿನ ಬಟ್ಟೆ ಎರಡಕ್ಕೂ ವಜೀರ ಗೋವಾದ ವಾಸ್ಕೋಗೆ ಹೋಗಿ ಬರಬೇಕಾಯಿತು. ಮೊದಲು ಕಲಸಿದ ಅಂಟು ಡಬ್ಬಿಯಲ್ಲೇ ಕಲ್ಲಾಯಿತು. ಅಬ್ಬಾ ದೂರದಿಂದ ನೋಡುತ್ತಿದ್ದ, ದಿನಾ ಒಂದಿಷ್ಟು ಹತ್ತಿರ ಬರುತ್ತಿದ್ದ. ಒಂದು ದಿನ ನಾನು ಚಹಾ ತೆಗೆದುಕೊಂಡು ಹೋದಾಗ, ವಜೀರ ಕೂರಿಸಲಿದ್ದ ಸಾಗವಾನಿ ಹಲಗೆಯನ್ನು ಅವನು ಬಿಸಿಲಿಗೆ ಹಿಡಿದು, ಮೂಸಿ, ಮತ್ತೆ ಮೂಸಿ, "ಇನ್ನೂ ಹಸಿ ಐತಿ, ಒಣಗಲಿ" ಎಂದು ಪಕ್ಕಕ್ಕಿಟ್ಟ. ನಾನು ಮಾತಾಡಿ ಕೆಡಿಸಲಿಲ್ಲ. ಎಷ್ಟು ಕಷ್ಟವಾಯಿತು ಎಂಬುದು ನನಗೇ ಗೊತ್ತು.

ಹೊಳೆ ಇಳಿದು ತಿಳಿಯಾದ ಮೇಲೆ ದೋಣಿಯನ್ನು ನೀರಿಗೆ ನೂಕಿದೆವು. ವಜೀರ ಮೋಟಾರು ಬಿಗಿದು ಹತ್ತಲು ಕಾಲೆತ್ತಿದ. ಅಬ್ಬಾ ಅವನ ತೋಳು ಹಿಡಿದ.

"ಇಳಿ. ಯಾರೂ ಬ್ಯಾಡ. ಮುರದ್ರ ನಾ ಒಬ್ಬನ ಇರ್ತೇನಿ."

"ಅಬ್ಬಾ, ಮೋಟಾರು ನಿನಗ..."

"ಇಳಿ ಅಂದೆ."

ಹಗ್ಗ ಜಗ್ಗಿದ, ಮೋಟಾರು ಹೊಗೆ ಉಗುಳಿ ಹೊತ್ತಿಕೊಂಡಿತು. ದೋಣಿಯ ಮೂತಿ ಮೇಲೆದ್ದಿತು. ನೋಡನೋಡುತ್ತಿದ್ದಂತೆ ಅವನ ಟೊಪ್ಪಿಗೆ ಚಿಕ್ಕದಾಗುತ್ತ ಹೋಯಿತು. ನಡು ಹೊಳೆಯಲ್ಲಿ ಮೋಟಾರಿನ ಸದ್ದು ತಟ್ಟನೆ ನಿಂತಿತು.

ನಾನು ಮೊಣಕಾಲು ನೀರಿಗೆ ಇಳಿದಿದ್ದೆ. ದೋಣಿ ಸೆಳವಿಗೆ ಸಿಕ್ಕು ಓರೆಯಾಗಿ ತೇಲುತ್ತಿತ್ತು, ಅದರಲ್ಲಿ ಅವನು ಕಾಣುತ್ತಿರಲಿಲ್ಲ. ಹಲಗೆ ಕಿತ್ತಿತು, ಮುದುಕನನ್ನು ನಾನೇ ಕೊಂದೆ ಎಂದುಕೊಂಡೆ. "ಅಬ್ಬಾ!" ಎಂದು ಕೂಗಿದ್ದು ಆಚೆ ದಂಡೆಯವರಿಗೂ ಕೇಳಿರಬೇಕು. ಆಗ ದೋಣಿಯ ಹಿಂಭಾಗದಲ್ಲಿ ಟೊಪ್ಪಿಗೆ ಮೇಲೆದ್ದಿತು. ಮತ್ತೆ ಹಗ್ಗ ಜಗ್ಗಿದ.

ದಂಡೆಗೆ ಬಂದವನನ್ನು ನಾನು ಬಾಯಿಗೆ ಬಂದಂತೆ ಬೈದೆ. "ನಡು ಹೊಳ್ಯಾಗ ಯಾಕ ಬಂದ್ ಮಾಡಿದಿ? ನಮ್ಮ ಜೀವಾ ತಗೀಬೇಕಂತ ಮಾಡಿದ್ದೇನು?"

"ಆ ಗದ್ದಲದಾಗ ಏನ ಕೇಳಸ್ತೈತಿ? ಹಲಗಿಗೆ ಕಿವಿ ಹಚ್ಚಿ ಮಲಗಿದ್ದೆ."

"ಏನಂತು ಹಲಗಿ?"

"ಏನೂ ಅನ್ನಲಿಲ್ಲ." ಅವನು ನನ್ನ ಕಡೆ ಕೈ ಚಾಚಿದ. "ಹತ್ತು."

ಇಷ್ಟು ದಿನ ಊರು ತಲೆಯ ಮೇಲೆ ಹೊತ್ತವಳು ನಾನು. ಈಗ ಕಾಲು ಏಳಲಿಲ್ಲ. ಕಣ್ಣು ಆ ಹಿಂದಿನ ಹಲಗೆಯ ಮೇಲೇ ಇತ್ತು. ಅವನು ಅದನ್ನೂ ನೋಡಿದ.

"ಅಂಜಿಕಿ ಆಗ್ತೈತೇನು?"

"ಆಗ್ತೈತಿ."

"ಆಗಲಿ. ಅಂಜೂ ಮಂದೀನ ನಾ ದಿನಾ ದಾಟಸ್ತಿದ್ದೆ," ಎಂದ ಅಬ್ಬಾ. "ಹತ್ತು, ಮಗಳ."