ಕಂಡಕ್ಟರನ ಸೀಟಿ, ಬೆನಿಟಾ ಮೇಡಂನ ಮುಷ್ಟಿ

“ಇನ್ನು ಮೇಲೆ ನಿನ್ನ ಆಟದ ಹತ್ತಿರ ಸೀಟಿ ಊದುವುದಿಲ್ಲ, ಆಯ್ತಾ?” ಎಂದು ಮುಖೇಶ್ ಮಗಳು ಮೋಕ್ಷಾಳಿಗೆ ಮಾತು ಕೊಟ್ಟದ್ದು ಅವಳು ಮೂರನೇ ಕ್ಲಾಸಿನಲ್ಲಿದ್ದಾಗ.

ಅವನು ಸಿಟಿ ಬಸ್ಸಿನ ಕಂಡಕ್ಟರ್. ಸೀಟಿ ಒಂದು ಸಲ ಊದಿದರೆ ಬಸ್ಸು ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಮೋಕ್ಷಾಳ ಮೊದಲ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ಖುಷಿ ತಡೆಯಲಾಗದೆ ಊದಿಯೇ ಬಿಟ್ಟಿದ್ದ. ರೆಫರಿ ಊದಿದರೆಂದು ತಿಳಿದು ಮೋಕ್ಷಾ ಕೈಯಲ್ಲಿದ್ದ ಚೆಂಡನ್ನು ಕೆಳಗಿಟ್ಟು ನೀರು ಕುಡಿಯಲು ಹೋದಳು. ಎದುರು ತಂಡದವರು ಆ ಚೆಂಡನ್ನು ಎತ್ತಿಕೊಂಡು ಓಡಿ ಬುಟ್ಟಿಗೆ ಹಾಕಿದರು. ಅಂದು ಅವಳು ಊಟಕ್ಕೆ ಕೂತದ್ದು ಅಪ್ಪನಿಂದ ಮಾತು ತೆಗೆದುಕೊಂಡ ಮೇಲೆಯೇ.

ಈಗ ಅವಳು ಪಿಯುಸಿ. ಉರ್ವದ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಕಾಲೇಜುಗಳ ಫೈನಲ್. ಮುಖೇಶ್ ರಜೆ ಹಾಕಿದ್ದ. ಬದಲಿ ಕಂಡಕ್ಟರನಿಗೆ ಅದೇ ದಿನ ಜ್ವರ ಬಂತು.

“ಎಂತ ಮಾರಾಯ, ಮುಖ ಹೀಗೆ ಮಾಡಿದ್ದಿ?” ಎಂದ ಡ್ರೈವರ್ ಮೊಯ್ದೀನಬ್ಬ. “ಕೋರ್ಟಿನ ಎದುರೇ ಸ್ಟಾಪ್ ಉಂಟಲ್ಲ! ಎರಡು ನಿಮಿಷ ನಿಲ್ಲಿಸ್ತೇನೆ, ನೋಡಿ ಬಾ. ಆದರೆ ನಿನ್ನ ಸೀಟಿ ಕೇಳಿದ ಕೂಡಲೇ ನಾನು ಬಿಡುವುದೇ. ತಡ ಆದ್ರೆ ಹಿಂದಿನ ಬಸ್ಸಿನವ ಟೈಮಿಂಗ್ ಟೈಮಿಂಗ್ ಅಂತ ನನ್ನ ತಲೆ ತಿಂತಾನೆ.”

ಬಸ್ಸು ನಿಂತಿತು. ಮುಖೇಶ್ ಹಾರಿ ಇಳಿದ. ಅವನ ಹಿಂದೆಯೇ ದಿನಾ ಅದೇ ಬಸ್ಸಿಗೆ ಬರುವ ಗುಲಾಬಕ್ಕ ಬಸಳೆಯ ಕಟ್ಟಿನ ಸಮೇತ ಇಳಿದರು.

“ನಿಮಗೆ ಎಂತ ಕೆಲಸ ಅಕ್ಕ ಇಲ್ಲಿ?”

“ಮೋಕ್ಷಾ ಇಷ್ಟುದ್ದ ಇರುವಾಗ ಇದೇ ಬಸ್ಸಿನಲ್ಲಿ ನನ್ನ ಮಡಿಲಲ್ಲಿ ಕೂತವಳು. ನೀನು ದಾರಿ ಬಿಡು!”

ಅವರ ಹಿಂದೆ ಬಸ್ಸಿನ ಅರ್ಧ ಜನ ಇಳಿದರು. ಯಾಕೆ ಇಳಿಯುತ್ತಿದ್ದೇವೆಂದು ಕೆಲವರಿಗೆ ಗೊತ್ತಿರಲಿಲ್ಲ.

ಮೋಕ್ಷಾಳ ತಂಡ ಒಂದೇ ಒಂದು ಪಾಯಿಂಟ್ ಹಿಂದೆ ಇತ್ತು. ಉಳಿದದ್ದು ಕೆಲವೇ ಸೆಕೆಂಡು. ರೆಫರಿ ಬೆನಿಟಾ ಮೇಡಂ ಜೊತೆಗಾರ ರೆಫರಿ ಫ್ಲೋಯ್ಡ್‌ಗೆ ಕಣ್ಣಿನಲ್ಲೇ ಸನ್ನೆ ಮಾಡಿದರು: ಕೊನೆಯ ಎಸೆತದ ತೀರ್ಪು ನನ್ನದು. ಮೂವತ್ತು ವರ್ಷ ಮಕ್ಕಳಿಗೆ ಆಟ ಕಲಿಸಿದವರು ಅವರು. ಕೊನೆಯ ಗಳಿಗೆಯಲ್ಲಿ ಅವರು ಚೆಂಡನ್ನಾಗಲಿ ಬುಟ್ಟಿಯನ್ನಾಗಲಿ ನೋಡುವವರಲ್ಲ. “ಅದನ್ನು ನೋಡಲಿಕ್ಕೆ ಊರೇ ಉಂಟು,” ಎನ್ನುತ್ತಿದ್ದರು. ಅವರ ಕಣ್ಣು ಎಸೆಯುವವಳ ಬೆರಳಿನ ಮೇಲೆ, ಕಿವಿ ಸೈರನ್ನಿನ ಮೇಲೆ.

ಚೆಂಡು ಮೋಕ್ಷಾಳ ಕೈಗೆ ಬಂತು. ಅವಳು ನೆಗೆದಳು. ಎದುರು ತಂಡದ ಉದ್ದದ ಹುಡುಗಿ ಮನ್ವಿತಾ ಕೂಡ ನೆಗೆದಳು. ಪಟ್ಟನೆ ಮೋಕ್ಷಾಳ ಮಣಿಕಟ್ಟಿಗೆ ಏಟು ಬಿತ್ತು.

ಪೀ ಪೀ!

ಕೋರ್ಟಿಗೆ ಕೋರ್ಟೇ ಸ್ತಬ್ಧ. ಮನ್ವಿತಾ ಕಂಬದ ಹಾಗೆ ನಿಂತಳು. ಮೋಕ್ಷಾ ಒಬ್ಬಳು ನಿಲ್ಲಲಿಲ್ಲ. ವಾಲಿದ ಮೈಯಲ್ಲೇ ಚೆಂಡು ಎಸೆದಳು. ಅದೇ ಗಳಿಗೆಯಲ್ಲಿ ಸೈರನ್ ಕೂಗಿತು. ಚೆಂಡು ಬುಟ್ಟಿಯೊಳಗೆ ಇಳಿಯಿತು. ಅತ್ತ ರಸ್ತೆಯಲ್ಲಿ, ಎರಡು ಸೀಟಿ ಕೇಳಿದ ಮೊಯ್ದೀನಬ್ಬ ಅರ್ಧ ಖಾಲಿ ಬಸ್ಸನ್ನು ಗೇರಿಗೆ ಹಾಕಿ ಹೊರಟೇಹೋದ.

ಗದ್ದಲವೋ ಗದ್ದಲ. ಗುಲಾಬಕ್ಕ ಬಸಳೆಯನ್ನು ಬಾವುಟದಂತೆ ಬೀಸುತ್ತಿದ್ದರು. ಎದುರು ತಂಡದ ಕೋಚ್ ಸರ್ವೋತ್ತಮ ಕೋರ್ಟಿನೊಳಗೇ ನುಗ್ಗಿದರು.

“ಮೇಡಂ, ವಿಸಿಲ್ ಆಯ್ತು, ನಮ್ಮ ಮಕ್ಕಳು ನಿಂತರು! ಇದು ಲೆಕ್ಕಕ್ಕಿಲ್ಲ, ಪುನಃ ಆಡಿಸಿ!”

“ಅದು ನನ್ನ ವಿಸಿಲ್ ಅಲ್ಲ,” ಎಂದರು ಬೆನಿಟಾ ಮೇಡಂ. ಅವರ ಬಲಗೈ ಮುಷ್ಟಿ ಕಟ್ಟಿ ಆಕಾಶಕ್ಕೆ ಎತ್ತಿಯೇ ಇತ್ತು. “ಯಾರು ಊದಿದ್ದು?”

ಎಲ್ಲರೂ ತಿರುಗಿದರು. ಖಾಕಿ ಅಂಗಿಯ ಮುಖೇಶ್ ಗೇಟಿನ ಬಳಿ ನಿಂತಿದ್ದ. ಸೀಟಿ ಇನ್ನೂ ಬಾಯಲ್ಲೇ ಇತ್ತು.

“ಕೈಗೆ ಬಡಿದದ್ದು ನೋಡಿ ಊದಿದ್ದು ಮೇಡಂ. ನನ್ನ ಮಗಳು.”

“ಓಹೋ! ಅಪ್ಪನೇ ಫೌಲ್ ಕೊಟ್ಟದ್ದಾ?” ಎಂದರು ಸರ್ವೋತ್ತಮ.

“ಕಂಡಕ್ಟರ್ ಕೊಟ್ಟ ಫೌಲ್ ಲೆಕ್ಕಕ್ಕೆ ಬಂದ್ರೆ ಸರ್, ಈ ರಸ್ತೆಯ ಪಕ್ಕ ಒಂದು ಪಂದ್ಯವೂ ಮುಗಿಯುವುದಿಲ್ಲ,” ಎಂದ ಫ್ಲೋಯ್ಡ್.

ಮುಖೇಶನಿಗೆ ನಗು ಬರಲಿಲ್ಲ. ಪುನಃ ಆಡಿಸಿದರೆ ಮಗಳ ಫೈನಲ್ ಅವನ ಬಾಯಿಂದಲೇ ಹೋದಂತೆ. ಬೆನಿಟಾ ಮೇಡಂ ಅವನ ಮುಂದೆ ಅಂಗೈ ಚಾಚಿದರು. ಅವನು ಸೀಟಿ ಕೊಟ್ಟ. ಅದನ್ನು ಸ್ಕೋರರ್ ಮೇಜಿನ ಮೇಲಿಟ್ಟು ಅವರು ಗಟ್ಟಿಯಾಗಿ ಹೇಳಿದರು:

“ಚೆಂಡು ಕೈ ಬಿಟ್ಟದ್ದು ಸೈರನ್ ಆದ ಮೇಲೆ. ಬಾಸ್ಕೆಟ್ ಇಲ್ಲ.”

ಎದುರು ತಂಡ ಕುಣಿಯಿತು.

“ಕುಣಿಯಬೇಡಿ, ಮುಗಿಯಲಿಲ್ಲ. ಕೈಗೆ ಏಟು ಬಿದ್ದದ್ದು ಸೈರನ್‌ಗೆ ಮೊದಲು. ಈ ಅಪ್ಪನ ಸೀಟಿಗೂ ಮೊದಲು. ಫೌಲಿನ ಸನ್ನೆಗೆ ನನ್ನ ಮುಷ್ಟಿ ಆಗಲೇ ಮೇಲೆ ಹೋಗಿತ್ತು, ನಾನು ಊದುವಷ್ಟರಲ್ಲಿ ಇವರು ಊದಿದರು. ಫೌಲ್. ಎರಡು ಫ್ರೀ ಥ್ರೋ.”

ಈಗ ಬಸ್ಸಿನವರು ಕುಣಿದರು. ಸರ್ವೋತ್ತಮ ಬಾಯಿ ತೆರೆಯುವಷ್ಟರಲ್ಲಿ ಮನ್ವಿತಾ, “ಬಡಿದದ್ದು ಹೌದು ಸರ್,” ಎಂದು ನಾಲಗೆ ಕಚ್ಚಿಕೊಂಡಳು.

ಆಟದ ಸಮಯ ಮುಗಿದಿದ್ದರಿಂದ ಬುಟ್ಟಿಯ ಬಳಿ ಬೇರೆ ಯಾರಿಗೂ ಜಾಗವಿಲ್ಲ. ಮೋಕ್ಷಾ ಒಬ್ಬಳೇ ಗೆರೆಯ ಮೇಲೆ ನಿಂತಳು. ಮುಖೇಶ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ಅಷ್ಟು ಸಾಲದೆಂದು ಗುಲಾಬಕ್ಕ ತಮ್ಮ ಕೈಯನ್ನೂ ಅದರ ಮೇಲಿಟ್ಟರು.

ಮೊದಲ ಚೆಂಡು ಸೀದಾ ಒಳಗೆ. ಸಮ.

ಎರಡನೆಯದು ಬುಟ್ಟಿಯ ಬಳೆಯ ಮೇಲೆ ಒಂದು ಸುತ್ತು ಹೊಡೆಯಿತು, ಹೊರಗೆ ಇಣುಕಿತು, ಮನಸ್ಸು ಬದಲಿಸಿ ಒಳಗೆ ಬಿತ್ತು.

ಆಮೇಲೆ ಯಾರು ಯಾರನ್ನು ಅಪ್ಪಿದರೋ! ಫ್ಲೋಯ್ಡ್‌ನ ಕೊರಳಲ್ಲಿ ಬಸಳೆಯ ಬಳ್ಳಿ ಇತ್ತು. ಮುಖೇಶನ ಫೋನ್ ಹೊಡೆದುಕೊಂಡಿತು.

“ಎಲ್ಲಿದ್ದಿ ಮಾರಾಯ?” ಮೊಯ್ದೀನಬ್ಬ ಕಿರುಚಿದ. “ಲೇಡಿಹಿಲ್ ಸ್ಟಾಪಿಗೆ ಬಂದು ತಿರುಗಿ ನೋಡ್ತೇನೆ, ನೀನೂ ಇಲ್ಲ, ಅರ್ಧ ಜನವೂ ಇಲ್ಲ!”

ಮೋಕ್ಷಾ ಬೆವರು ಒರೆಸುತ್ತಾ ಓಡಿ ಬಂದಳು.

“ಎಲ್ಲರೂ ನಿಂತಾಗ ನೀನು ಯಾಕೆ ನಿಲ್ಲಲಿಲ್ಲ?” ಎಂದು ಕೇಳಿದ ಮುಖೇಶ್.

“ಅದು ನಮ್ಮ ಬಸ್ಸಿನದ್ದಲ್ವಾ ಪಪ್ಪ? ಎರಡು ಊದಿದ್ರೆ ಹೋಗುವುದು.” ಅವಳು ಸೊಂಟಕ್ಕೆ ಕೈಯಿಟ್ಟಳು. “ಆದ್ರೆ ಊದುವುದಿಲ್ಲ ಅಂತ ಹೇಳಿದವರು ಯಾರು?”

ಹೇಳಿದವನು ಮುಖೇಶ್. ಊದಿದವನೂ ಮುಖೇಶ್. ಕೊಟ್ಟ ಮಾತು ಮುರಿದಿತ್ತು.