ಹದಿಮೂರನೆಯ ಗಂಟು

ನೂಲಿಗೆ ಬಣ್ಣ ಹಾಕುವವರ ಮನೆಯಲ್ಲಿ ಕಾಲಿನ ಮೇಲೆ ಕಲೆ ಕಂಡರೆ ಯಾರೂ ಗಾಬರಿಯಾಗುವುದಿಲ್ಲ. ಇಳಕಲ್ಲಿನ ನಮ್ಮ ಮನೆಯಲ್ಲೂ ಹಾಗೇ. ನಮ್ಮ ಮನೆಯವರು, ಶಿವಸಂಗಪ್ಪ, ಪಾದದ ಮೇಲಿನ ಕ್ಯಾನ್ಸರ್ ಗಂಟೊಂದನ್ನು ಬಾಗಲಕೋಟೆಯಲ್ಲಿ ಕೊಯ್ಯಿಸಿಕೊಂಡು ಎರಡು ವರ್ಷವಾಗಿತ್ತು. 2003ರ ಬೇಸಿಗೆಯಲ್ಲಿ ಅದೇ ಹೊಲಿಗೆಯ ಗುರುತಿನ ಮೇಲೆ ನೇರಳೆ ಚುಕ್ಕೆಗಳು ಎದ್ದವು.

"ಬಣ್ಣ ಸಿಡದೈತಿ" ಅಂದರು. ನಾನೂ ನಂಬಿದೆ. ಆಮೇಲೆ ಹೊಳೆಯಿತು, ಬಣ್ಣದ ಕಡಾಯಿ ಒಲೆಗೆ ಏರದೆ ತಿಂಗಳ ಮೇಲಾಗಿತ್ತು! ಸುಳ್ಳು ಹೇಳುವುದಕ್ಕೂ ಒಂದಿಷ್ಟು ಬುದ್ಧಿ ಬೇಕು. ಗದರಿಸಿ ಕೇಳಿದಾಗ ಬಾಯಿ ಬಿಟ್ಟರು.

"ಮತ್ತ ಕೊಯ್ದ್ರ ಕಾಲು ಹೋಗತೈತಿ. ಕಾಲಿಲೆ ತುಳಿಯೂ ಕುಣಿಮಗ್ಗದಾಗ ಕಾಲಿಲ್ದ ಕುಂತು ಏನ್ ಮಾಡ್ಲಿ?"

"ನನ್ನ ಬೈಗಳ ಕೇಳಕೋತ ಕುಂದರ್ರಿ. ಈಗ ಏಳ್ರಿ" ಎಂದು ಬಸ್ಸು ಹತ್ತಿಸಿದೆ.

ಬಾಗಲಕೋಟೆಯ ಅದೇ ದವಾಖಾನೆಯಲ್ಲಿ ಹೊಸ ಡಾಕ್ಟರಮ್ಮ ಇದ್ದರು. "ಹಳೇ ಗಂಟಿನ ಬೇರು ಉಳಿದಿರಬೇಕು. ಈ ಸಲ ಅಗಲಾಗಿ ತಗೀತೇವಿ. ಎರಡು ಬೆರಳು ಹೋಗಬಹುದು" ಎಂದು ಬರೆಯತೊಡಗಿದರು.

ಎಳೆ ಎಣಿಸಿ ಬೆಳೆದವಳು ನಾನು, ಸುಮ್ಮನಿರಲಿಲ್ಲ. "ಹೊಲಿಗಿ ಹಾಕಿದ್ದು ಆರು. ಗಂಟು ಹನ್ನೆರಡು. ಸೂಜಿ ಒಳಗ ಹೋದಲ್ಲಿ ಒಂದು, ಹೊರಗ ಬಂದಲ್ಲಿ ಒಂದು. ನೋಡ್ರಿ."

ಅವರು ಬಗ್ಗಿ ನೋಡಿದರು. "ಹಿಮ್ಮಡದ ಹತ್ರ ಇನ್ನೊಂದೈತಲ್ಲ? ಅಲ್ಲಿ ಕೊಯ್ದಿಲ್ಲ."

"ಅದು ಮೊದಲಿಂದನೂ ಐತ್ರಿ" ಅಂದರು ಇವರು, ನನ್ನ ಮುಖ ನೋಡದೆ.

ನನಗೆ ನಾಚಿಕೆ ಆಯಿತು. ಆದರೂ ಹೇಳಿಬಿಟ್ಟೆ. "ಇಲ್ರಿ ಡಾಕ್ಟರ್ ಬಾಯಾರ, ಸುಳ್ಳು. ಬಣ್ಣ ಹೋಗಲಿ ಅಂತ ನಾನೇ ಇಟ್ಟಂಗಿ ಚೂರಿಂದ ತಿಕ್ಕಿದ್ದೆ. ಹಿಮ್ಮಡಕ್ಕೂ ತಾಗಿ ರಕ್ತ ಬಂದಿತ್ತು. ಆಮ್ಯಾಲೆ ಅಲ್ಲೇ ಎದ್ದೈತಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಹುಬ್ಬಳ್ಳಿಯ ಹಿರಿಯ ಡಾಕ್ಟರಿಗೆ ಫೋನು ಮಾಡಿ, ಬಹಳ ಹೊತ್ತು ಮಾತಾಡಿ ಬಂದರು.

"ಇದು ವೈರಸ್ಸಿಂದ ಬರೂ ಕ್ಯಾನ್ಸರು. ವೈರಸ್ಸು ಮೈಯಾಗ ಇರತೈತಿ, ಚರ್ಮಕ್ಕ ಗಾಯ ಆದಲ್ಲಿ ಗಂಟು ಏಳಬಹುದು. ಮತ್ತ ಕೊಯ್ದ್ರ ನಾವೇ ಅದಕ್ಕ ಜಾಗ ಮಾಡಿಕೊಟ್ಟಂಗ ಆಗತೈತಿ. ಹುಬ್ಬಳ್ಳಿಗೆ ಹೋಗಿ ಕರೆಂಟು, ಅಂದ್ರ ರೇಡಿಯೇಶನ್, ಕೊಡಿಸ್ರಿ. ನೀವು ತಿಕ್ಕಿದ್ದು ಹೇಳದಿದ್ರ ನಾ ಕೊಯ್ತಿದ್ದೆ."

ಹೊರಗೆ ಬಂದ ಮೇಲೆ ಕೇಳಿದೆ, ಸುಳ್ಳು ಯಾಕೆ ಹೇಳಿದಿರಿ ಎಂದು.

"ಮಂದಿ ಮುಂದ ನಿನ್ನ ಮರ್ಯಾದಿ ಹೋಗಬಾರ್ದು ಅಂತ."

"ನನ್ನ ಮರ್ಯಾದಿಗೆ ಎರಡು ಬೆರಳು ಕೊಡಾಕ ನಿಂತಿದ್ರಲ್ರೀ!"

ಬೈಯುತ್ತ ಬೈಯುತ್ತಲೇ ಅಳು ಬಂತು. ದವಾಖಾನೆಯ ಬಾಗಿಲಲ್ಲಿ ಮಂದಿ ನಿಂತು ನೋಡುತ್ತಿದ್ದರು. ನೋಡಲಿ.